ಅಡಗದ ಗಂಟು

ಯಲಹಂಕ ಸ್ಟೇಷನ್ನಿನ ಎದುರಿಗೆ ಆ ಕಾಲದಲ್ಲಿ ಏಳು ಜಟಕಾಗಳು ನಿಲ್ಲುತ್ತಿದ್ದವು. ಅವುಗಳಲ್ಲಿ ಆರು ಕುದುರೆಗಳ ಬಾಲ ಕುದುರೆಯ ಬಾಲದಂತೆಯೇ ಇತ್ತು. ಏಳನೆಯದು ಚಿಕ್ಕಬೈರಪ್ಪನ ಕುದುರೆ. ಅದರ ಬಾಲವನ್ನು ದೂರದಿಂದ ನೋಡಿದವರು ಯಾರೋ ಹಗ್ಗದ ತುಂಡು ನೇತುಹಾಕಿದ್ದಾರೆ ಎಂದುಕೊಳ್ಳುತ್ತಿದ್ದರು. ನೊಣ ಓಡಿಸಿಕೊಳ್ಳಲೆಂದು ದೇವರು ಕೊಟ್ಟ ಕೂದಲನ್ನೆಲ್ಲ ಆ ಪ್ರಾಣಿ ಸುತ್ತೂರಿನ ನರಹುಲಿಗಳಿಗೆ ದಾನ ಮಾಡಿ, ಬೇಸಿಗೆಯಲ್ಲಿ ಮೈ ಅದುರಿಸುತ್ತ ನಿಂತಿರುತ್ತಿತ್ತು.

ನರಹುಲಿಗೆ ಕುದುರೆ ಬಾಲದ ಕೂದಲನ್ನು ಬಿಗಿದು ಕಟ್ಟಿದರೆ ಕೆಲವು ದಿನಕ್ಕೆ ಒಣಗಿ ಉದುರುತ್ತದೆ ಎಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಬೇರೆ ಜಟಕಾದವರನ್ನು ಕೇಳಿದರೆ ಒಂದು ಕೂದಲು ಕಿತ್ತು ಕೊಟ್ಟು ತಮ್ಮ ಬೀಡಿ ತಾವು ಸೇದುತ್ತಿದ್ದರು. ಚಿಕ್ಕಬೈರಪ್ಪ ಅಷ್ಟು ಅಗ್ಗದವನಲ್ಲ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಗಾಡಿಯ ಮೂಕಿಯ ಮೇಲೆ ಕೂತು, ಬಂದವರ ಗಂಟನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಏನೋ ಕೇಳಿಸಿಕೊಳ್ಳುವವನ ಹಾಗೆ ಇದ್ದು, ಆಮೇಲೆ ತೀರ್ಪು ಕೊಡುತ್ತಿದ್ದ. ತೀರ್ಪು ಬಂದ ಮೇಲೆಯೇ ಕೂದಲು. ಉದುರಿದ ನರಹುಲಿಗೆ ಕಾರಣ ಅವನ ಕೈಗುಣ. ಉದುರದೆ ಉಳಿದದ್ದಕ್ಕೆ ಕಾರಣ ರೋಗಿಯ ನಡತೆ.

ಅವನ ಶಾಸ್ತ್ರದಲ್ಲಿ ಗಂಟುಗಳು ಮೂರು ಜಾತಿ. ತೊಟ್ಟು ಇದ್ದರೆ ಅದು ಕಟ್ಟುವ ಗಂಟು. ಚರ್ಮದ ಕೆಳಗೆ ಜಾರಾಡಿದರೆ ಕೊಬ್ಬಿನ ಗಂಟು, ಅದಕ್ಕೆ ಅವನು ಕೈ ಹಾಕುತ್ತಿರಲಿಲ್ಲ. ಮೂರನೆಯದು ಕಂದು ಬಣ್ಣದ್ದು, ಅಂಗಿಯ ಗುಂಡಿಯಷ್ಟು, ಮುಟ್ಟಿದರೆ ಗಟ್ಟಿ, ಹೆಚ್ಚಾಗಿ ಕಾಲಿನ ಮೇಲೋ ತೋಳಿನ ಮೇಲೋ ಇರುವಂಥದು. ಅದನ್ನು ಎರಡು ಪಕ್ಕದಿಂದ ಹಿಂಡಿದರೆ ಉಬ್ಬುವ ಬದಲು ಚರ್ಮದೊಳಕ್ಕೆ ಕುಸಿದು ಹಳ್ಳ ಬೀಳುತ್ತಿತ್ತು. ಅದಕ್ಕೆ ‘ಅಡಗೋ ಗಂಟು’ ಎಂದು ಅವನೇ ಹೆಸರಿಟ್ಟಿದ್ದ.

“ಇದು ಅಡಗೋ ಗಂಟು ಕಣಮ್ಮ,” ಎಂದು ಸೊಪ್ಪು ಮಾರುವ ಗೋಪಾಲಮ್ಮನಿಗೆ ಒಮ್ಮೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. “ನಾಚ್ಕೊಂಡು ಒಳೀಕೆ ಓಯ್ತದೆ ನೋಡು. ಅದ್ರ ಪಾಡಿಗೆ ಅದು ಇರ್ಲಿ, ನಿನ್ ಪಾಡಿಗೆ ನೀನು ಸೊಪ್ಪು ಮಾರು. ಕುಯ್ಯೋದು ಕೆರಿಯೋದು ಮಾಡ್ಬ್ಯಾಡ.”

ಹೇಳಲು ಸ್ವಲ್ಪ ಕಷ್ಟವಾಗುತ್ತದೆ, ಆದರೂ ಹೇಳಬೇಕು. ಈ ಮೂರನೆಯ ಜಾತಿಯ ವಿಷಯದಲ್ಲಿ ಅವನ ಮಾತು ಪೂರ್ತಿ ಸರಿಯಾಗಿತ್ತು. ಕೆಟ್ಟು ನಿಂತ ಗಡಿಯಾರವೂ ದಿನಕ್ಕೆ ಎರಡು ಸಲ ಸರಿಯಾದ ಹೊತ್ತು ತೋರಿಸಬಹುದಾದರೆ, ಮನುಷ್ಯನ ಮೇಲೆ ದೇವರು ಅಷ್ಟು ದಯೆ ತೋರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ವಿದ್ಯೆ ಇದ್ದವನಿಗೆ ಡಾಕ್ಟರುಗಳನ್ನು ಕಂಡರೆ ಕನಿಕರ. ಅವರಿಗೆ ಬೆರಳಲ್ಲಿ ತಿಳುವಳಿಕೆ ಇಲ್ಲ, ಅದಕ್ಕೇ ಗಾಜು ಹಿಡಿದುಕೊಂಡು ನೋಡುತ್ತಾರೆ ಎನ್ನುತ್ತಿದ್ದ. ಅವನ ಹೆಂಡತಿ ಅಕ್ಕಯ್ಯಮ್ಮ ನಮ್ಮ ಮನೆಗೆ ಮಜ್ಜಿಗೆ ತರುತ್ತಿದ್ದಳು. ಗಂಡನ ಕೀರ್ತಿಯ ಬಗ್ಗೆ ಕೇಳಿದರೆ, “ಊರ್ನೋರ ಗಂಟೆಲ್ಲ ಹಿಡ್ದು ನೋಡ್ತಾನೆ ಅಕ್ಕ. ಮನೇಲಿ ಒಲೆ ಉರೀತೈತಾ ಅಂತ ಒಂದಿನ ನೋಡಿಲ್ಲ,” ಎಂದು ಮಜ್ಜಿಗೆ ಬಗ್ಗಿಸಿ ಹೊರಟುಹೋಗುತ್ತಿದ್ದಳು. ಈ ಕಥೆಯ ಬಹುಭಾಗ ನಾನು ಕೇಳಿದ್ದು ಅವಳಿಂದ. ಉಳಿದದ್ದನ್ನು ಅವನೇ ಹೇಳಿದ, ಆದರೆ ಬಹಳ ದಿನದ ಮೇಲೆ.

ಐವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಕುದುರೆನೊಣವೊಂದು ಅವನ ಬಲಗಾಲಿನ ಮುಂದೆ, ಮೊಣಕಾಲಿಗೆ ಒಂದು ಗೇಣು ಕೆಳಗೆ ಕಚ್ಚಿತು. ಬಾಲವಿಲ್ಲದ ಕುದುರೆಯ ಹತ್ತಿರ ನೊಣಗಳಿಗೆ ಏನು ಭಯ? ಕುದುರೆಯನ್ನು ಕಚ್ಚಿ ಬೇಸರವಾದವು ಯಜಮಾನನನ್ನು ಕಚ್ಚುತ್ತಿದ್ದವು. ಕಚ್ಚಿದ ಜಾಗ ಕೆಲವು ವಾರ ತುರಿಸಿ, ಆಮೇಲೆ ಅಲ್ಲೊಂದು ಗಟ್ಟಿ ಗಂಟು ನಿಂತಿತು. ಅವನು ಹಿಂಡಿ ನೋಡಿದ. ಒಳಕ್ಕೆ ಕುಸಿಯಿತು. “ಅಡಗೋ ಗಂಟು,” ಎಂದು ಹೆಂಡತಿಗೆ ಹೇಳಿ ಮರೆತುಬಿಟ್ಟ. ಅವಳ ಎಡತೋಳಿನ ಮೇಲೂ ಅಂಥದೊಂದು ಹತ್ತು ವರ್ಷದಿಂದ ಇತ್ತು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಮಾರನೆಯ ವರ್ಷ ಆ ಗಂಟು ಬೆಳೆಯಿತು. ಬೆಳೆದು ಎಲಚಿಹಣ್ಣಿನಷ್ಟಾಗಿ, ಬುಡ ಸಣ್ಣಗಾಗಿ, ತೊಟ್ಟಿನ ಮೇಲೆ ನಿಂತಿತು. ಈಗ ಹಿಂಡಿದರೆ ಅಡಗಲಿಲ್ಲ, ಬೆರಳಿನ ನಡುವೆ ಹೊರಳಿತು.

“ತೊಟ್ಟು ಬಂದೈತೆ. ಅಂದ್ಮ್ಯಾಕೆ ಕಟ್ಟೋ ಗಂಟು,” ಎಂದ ಚಿಕ್ಕಬೈರಪ್ಪ.

“ಓದ್ ವರ್ಸ ಅಡಗೋ ಗಂಟು ಅಂದಿದ್ದೆ?” ಎಂದಳು ಅಕ್ಕಯ್ಯಮ್ಮ.

“ಓದ್ ವರ್ಸದ್ದು ಓದ್ ವರ್ಸಕ್ಕೆ.”

ಒಂದು ಗಂಟು ತನ್ನ ಜಾತಿ ಬಿಟ್ಟು ಇನ್ನೊಂದರ ವೇಷ ಹಾಕಬಹುದು ಎಂಬ ಮಾತು ಅವನ ಶಾಸ್ತ್ರದಲ್ಲಿ ಇರಲಿಲ್ಲ. ಭಾನುವಾರ ಸ್ನಾನ ಮಾಡಿ, ವಿಭೂತಿ ಬಳಿದು, ತನ್ನ ಕುದುರೆಯ ಕೂದಲನ್ನು ತಾನೇ ಕಿತ್ತು, ತನ್ನ ಕಾಲಿಗೆ ತಾನೇ ಕಟ್ಟಿಕೊಂಡ. ಮೂರನೆಯ ದಿನಕ್ಕೆ ಗಂಟು ನೀಲಿಯಾಯಿತು. ವಾರಕ್ಕೆ ನೇರಳೆಹಣ್ಣಿನ ಗಾತ್ರ, ಅದೇ ಬಣ್ಣ. ಉದುರಲಿಲ್ಲ. ಎರಡನೆಯ ಭಾನುವಾರ ಇನ್ನೊಂದು ಕೂದಲು, ಮೂರನೆಯ ಭಾನುವಾರ ಮತ್ತೊಂದು. ಮೂರನೆಯದು ಒಳಕ್ಕೆ ಕೊರೆದು ತುಂಡಾಯಿತು, ರಕ್ತ ಒಸರಿತು. ಇದೇ ಬೇರೆಯವರ ಕಾಲಾಗಿದ್ದರೆ ‘ಶನಿವಾರ ಏನು ತಿಂದೆ, ನಿಜ ಹೇಳು’ ಎಂದು ಕೇಳಿ ಗೆಲ್ಲಬಹುದಿತ್ತು. ತನ್ನನ್ನೇ ಹಾಗೆ ಕೇಳಿಕೊಳ್ಳಲು ಆಗಲಿಲ್ಲವಾಗಿ, ಹಳೆಯ ಪಂಚೆ ಹರಿದು ಕಾಲಿಗೆ ಸುತ್ತಿಕೊಂಡ. ಹೆಂಡತಿಯನ್ನು ಮನೆ ಹಿಂದಿನ ಮುನೇಶ್ವರನ ಕಲ್ಲಿನ ಮುಂದೆ ನಿಲ್ಲಿಸಿ, ಕೂದಲು ಕಟ್ಟಿದ್ದನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳುವುದಿಲ್ಲ ಎಂದು ಆಣೆ ಮಾಡಿಸಿದ.

ಚಿಕ್ಕಬಳ್ಳಾಪುರದ ರೈಲಿಗೆ ಬಂದ ಗಿರಾಕಿಯೊಬ್ಬರ ಬಿಳಿ ಪಂಚೆಗೆ ಆ ರಕ್ತ ತಗುಲಿದ ದಿನ ಗಂಟು ಇರುವುದಂತೂ ಬಯಲಾಯಿತು. ಪಕ್ಕದ ಜಟಕಾದ ದೊಡ್ಡಮುನಿಯಪ್ಪ ಬಟ್ಟೆ ಬಿಚ್ಚಿಸಿ ನೋಡಿದ. ಇಬ್ಬರೂ ಹುಡುಗರಾಗಿದ್ದಾಗಿನಿಂದ ಜೊತೆಯವರು.

“ಏನ್ಲಾ ಬೈರ, ವೈದ್ಯರ ಕಾಲಾಗೇ ನೇರಳೆ ಮರ ಎದ್ದೈತೆ?” ಎಂದ. ಆಮೇಲೆ ಇನ್ನೊಮ್ಮೆ ನೋಡಿ, ನಗದೆ, “ಎದ್ದೇಳು. ದೊಡ್ಡಾಸ್ಪತ್ರೆಗೆ ಓಗಾನ,” ಎಂದು ತನ್ನ ಗಾಡಿ ಬಿಟ್ಟು ಅವನನ್ನು ಬಸ್ಸಿಗೆ ಹತ್ತಿಸಿದ.

ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಎಳೆಯ ಡಾಕ್ಟರೊಬ್ಬರು ಹಾಳೆ ತೆಗೆದುಕೊಂಡು ಹಾಸಿಗೆಯ ಪಕ್ಕ ಕೂತರು.

“ಎಷ್ಟು ದಿನದಿಂದ ಇದೆ?”

“ಒಂದ್ ವರ್ಸ ಸ್ವಾಮಿ.”

“ಏಟು ಬಿದ್ದಿತ್ತಾ? ಕುಯ್ದುಕೊಂಡ್ಯಾ? ನಾಟಿ ಔಷಧಿ ಏನಾದ್ರೂ ಮಾಡಿದ್ಯಾ?”

ಚಿಕ್ಕಬೈರಪ್ಪ ಬಾಯಿ ತೆರೆಯುವ ಮುಂಚೆಯೇ ಪಕ್ಕದ ಹಾಸಿಗೆಯಿಂದ ಒಬ್ಬ ಎದ್ದು ಕೂತು ಕೈಮುಗಿದ. ರಾಜಾನುಕುಂಟೆಯ ಮುನಿನಾರಾಯಣಪ್ಪ, ಅಂಡವಾಯುವಿನ ಆಪರೇಷನ್ನಿಗೆ ಬಂದವನು. ಎರಡು ವರ್ಷದ ಹಿಂದೆ ಅವನ ಕತ್ತಿನ ನರಹುಲಿ ಚಿಕ್ಕಬೈರಪ್ಪನ ಕೂದಲಿಗೆ ಉದುರಿತ್ತು. “ಗುರುಗಳೇ, ನೀವಿಲ್ಲಿ?” ಎಂದ ಅವನು. ಗುರುಗಳು ಮುಖ ಗಂಭೀರ ಮಾಡಿಕೊಂಡು ಡಾಕ್ಟರ ಕಡೆ ತಿರುಗಿದರು.

“ಏನೂ ಮಾಡಿಲ್ಲ ಸ್ವಾಮಿ. ತಾನೇ ಬಂತು, ತಾನೇ ಕಪ್ಪಾಯ್ತು.”

ಎಳೆಯ ಡಾಕ್ಟರು ಅದನ್ನೇ ಮುದ್ದಾಗಿ ಬರೆದುಕೊಂಡರು. ಸರ್ಜನ್ನರು ಬಂದು ನೋಡಿದರು. ಕಪ್ಪು ಗಂಟು, ಬೇಗ ಬೆಳೆದದ್ದು, ರಕ್ತ ಸೋರುವುದು, ಏಟಿಲ್ಲದೆ ಗಾಯವಿಲ್ಲದೆ ತಾನೇ ಕಪ್ಪಾದದ್ದು. ಅವರು ಯಾವ ಕ್ಯಾನ್ಸರನ್ನು ನೆನೆದರೋ ಅದು ಚರ್ಮದ ಕಾಯಿಲೆಗಳಲ್ಲೆಲ್ಲ ಕೆಟ್ಟದ್ದು, ಒಂದು ಕಡೆ ಹುಟ್ಟಿ ಮೈಯೆಲ್ಲ ಓಡಾಡುವಂಥದು. ಗಂಟನ್ನು ಕತ್ತರಿಸಿ ತೆಗೆದು ಸೂಕ್ಷ್ಮದರ್ಶಕದ ವಿಭಾಗಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರು ವಯಸ್ಸಾದವರು, ತೆಳ್ಳಗಿನ ಮನುಷ್ಯ. ಅವರು ನಾಲ್ಕು ದಿನ ನೋಡಿದರು. ಕಣಗಳು ಒತ್ತೊತ್ತಾಗಿವೆ, ನಡುವೆ ರಕ್ತದ ಮಡುಗಳಿವೆ, ಎಲ್ಲೆಲ್ಲೂ ಕಂದು ಪುಡಿ ಇದೆ, ಕೆಟ್ಟದ್ದಲ್ಲ ಎಂದು ಹೇಳಲಾರೆ ಎಂದು ಬರೆದರು. ಸರ್ಜನ್ನರಿಗೆ ಅಷ್ಟು ಸಾಕಾಯಿತು. ಕಾಲನ್ನು ತೊಡೆಯ ಹತ್ತಿರ ತೆಗೆಯುವುದು, ಗುರುವಾರ ಬೆಳಿಗ್ಗೆ.

ತನ್ನ ಕಾಲು ಹೋಗುವುದಕ್ಕೆ ನಾಲ್ಕು ದಿನವಿದ್ದಾಗ ಚಿಕ್ಕಬೈರಪ್ಪ ಏನು ಮಾಡುತ್ತಿದ್ದನೆಂದರೆ, ವಾರ್ಡಿನ ರೋಗಿಗಳ ಗಂಟು ಪರೀಕ್ಷೆ ಮಾಡುತ್ತಿದ್ದ. ಮುನಿನಾರಾಯಣಪ್ಪ ಅಷ್ಟು ಚೆನ್ನಾಗಿ ಪ್ರಚಾರ ಮಾಡಿದ್ದ. ಒಬ್ಬ ಬೆನ್ನು ತೋರಿಸಿದ, ಒಬ್ಬ ಮೊಣಕೈ ತೋರಿಸಿದ. ವಾರ್ಡು ಗುಡಿಸುವವಳೂ ಪೊರಕೆ ಬದಿಗಿಟ್ಟು ಬೆರಳು ಚಾಚಿದಳು. ಅವನು ಎಲ್ಲರದನ್ನೂ ಹಿಡಿದು, ಕಣ್ಣು ಮುಚ್ಚಿ, ತೀರ್ಪು ಕೊಟ್ಟ. ತನ್ನದನ್ನು ಕೇಳಿದವರಿಗೆ ಮಾತ್ರ, “ಇದು ಬ್ಯಾರೆ,” ಎಂದ.

ಮಂಗಳವಾರ ರಾಗಿ ಮುದ್ದೆ ಕಟ್ಟಿಕೊಂಡು ಬಂದ ಅಕ್ಕಯ್ಯಮ್ಮನಿಗೆ ನರ್ಸಮ್ಮ ವಿಷಯ ತಿಳಿಸಿದರು. ಅವಳು ಗಂಡನ ಹಾಸಿಗೆಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ಯೋಳಿದ್ಯಾ?”

“ಏನ್ ಯೋಳೋದು?”

“ಕಟ್ಟಿದ್ದು.”

“ಪಕ್ಕದಾಗೆ ಅವ್ನವ್ನೆ ಕಣೆ.”

“ಅವ್ನಿದ್ರೆ?”

“ರಾಜಾನುಕುಂಟೆಯಿಂದ ದೊಡ್ಡಬಳ್ಳಾಪುರದ್ಗಂಟ ಎಲ್ರಿಗೂ ಯೋಳ್ತಾನೆ. ವೈದ್ಯ ತನ್ ಕಾಲ್ನೇ ಕೆಡಿಸ್ಕೊಂಡ ಅಂತ. ನಾನ್ ಮುಕ ಎತ್ಕೊಂಡು ಸ್ಟೇಸನ್ ತಾವ ಎಂಗ್ ನಿಂತ್ಕೊಳ್ಳಿ?”

“ಒಂದ್ ಕಾಲಾಗೆ ನಿಂತ್ಕೋ,” ಎಂದಳು ಅಕ್ಕಯ್ಯಮ್ಮ. “ಗಾಡಿ ಅತ್ತೋದು ಎಂಗೆ, ಇಳಿಯೋದು ಎಂಗೆ, ಅದ್ನೂ ಈಗ್ಲೇ ಕಲ್ತ್ಕೋ. ನಾನೇ ಯೋಳ್ತೀನಿ ಡಾಕ್ಟ್ರಿಗೆ.”

“ಮುನೇಶ್ವರನ ಆಣೆ ಐತೆ.”

ಅವಳ ಸಂಕಟವನ್ನು ಹೊರಗಿನವರು ಅರಿಯುವುದು ಕಷ್ಟ. ಗಂಡನ ಕಾಲು ಒಂದು ಕಡೆ, ದೇವರ ಮುಂದೆ ಆಡಿದ ಮಾತು ಒಂದು ಕಡೆ. ನನಗಾದರೆ ಈಗಲೂ ಆಣೆ ಮುರಿಯುವ ಧೈರ್ಯವಿಲ್ಲ. ಆ ಸಂಜೆ ಅವಳು ಮುನೇಶ್ವರನ ಕಲ್ಲಿಗೆ ನೀರು ಹಾಕಿ, ಹೂವಿಟ್ಟು, ಅಲ್ಲೇ ಕೂತು ತಾನು ಆಡಿದ ಮಾತನ್ನು ಒಂದೊಂದಾಗಿ ನೆನಪು ಮಾಡಿಕೊಂಡಳಂತೆ. ಬಾಯಿ ಬಿಟ್ಟು ಹೇಳುವುದಿಲ್ಲ ಎಂದಿದ್ದಳು. ಅಷ್ಟೇ. ಎದ್ದು ಕೊಟ್ಟಿಗೆಗೆ ಹೋದಳು.

ಬುಧವಾರ ಬೆಳಿಗ್ಗೆ ಸರ್ಜನ್ನರು ಐದಾರು ವಿದ್ಯಾರ್ಥಿಗಳನ್ನು ಹಿಂದಿಟ್ಟುಕೊಂಡು ವಾರ್ಡಿಗೆ ಬಂದಾಗ ಜೊತೆಗೆ ಸೂಕ್ಷ್ಮದರ್ಶಕದ ಡಾಕ್ಟರೂ ಬಂದಿದ್ದರು. ಅವರು ವಾರ್ಡಿಗೆ ಬರುವವರಲ್ಲ. ಬರೆದುಕೊಟ್ಟ ಮೇಲೂ ಅವರಿಗೆ ಸಮಾಧಾನವಾಗದೆ, ಗಂಟಿನ ಯಜಮಾನನನ್ನು ಒಮ್ಮೆ ನೋಡಬೇಕೆನಿಸಿತ್ತಂತೆ. ನರ್ಸಮ್ಮ, “ಡಾಕ್ಟರು ಬರೋ ಹೊತ್ತು, ಆಚೆ ಹೋಗಮ್ಮ,” ಎಂದು ತಡೆಯುತ್ತಿದ್ದರೂ ಅಕ್ಕಯ್ಯಮ್ಮ ನುಗ್ಗಿ ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಹಿಡಿ ಕುದುರೆ ಕೂದಲನ್ನು ಗಂಡನ ಕಾಲಿನ ಪಟ್ಟಿಯ ಮೇಲೆ ಇಟ್ಟಳು. ಇಟ್ಟು, ಕೈಕಟ್ಟಿ ನಿಂತಳು.

“ಏನಮ್ಮ ಇದು?” ಎಂದರು ಸರ್ಜನ್ನರು.

ಅವಳು ಕೂದಲಿನ ಕಡೆ ಬೆರಳು ಮಾಡಿದಳು.

“ಮಾತು ಬರಲ್ವಾ ಈಕೆಗೆ?”

“ಚೆಂದಾಗಿ ಬತ್ತದೆ ಸ್ವಾಮಿ,” ಎಂದ ಚಿಕ್ಕಬೈರಪ್ಪ ಬೆವರುತ್ತ. “ಇವತ್ತೇನೋ...”

ಗುರುಗಳಿಗೆ ನೆರವಾಗಲೆಂದು ಪಕ್ಕದ ಹಾಸಿಗೆಯ ಮುನಿನಾರಾಯಣಪ್ಪ ಹೊಟ್ಟೆ ಹಿಡಿದುಕೊಂಡು ಎದ್ದು ಕೂತ. “ಅದು ಕುದುರೆ ಕೂದ್ಲು ಬುದ್ದಿ. ನಮ್ ಗುರುಗಳು ಅದ್ನ ಕಟ್ಟಿದ್ರೆ ಎಂತಾ ಗಂಟೂ ಬಿದ್ದೋಯ್ತದೆ. ನನ್ ಕತ್ತಿಂದು ಎಂಟೇ ದಿನ್ದಾಗೆ ಬಿತ್ತು. ನೋಡಿ ಬೇಕಾದ್ರೆ.” ಕತ್ತು ಓರೆ ಮಾಡಿ ತೋರಿಸಿದ. ಭಕ್ತರು ಮಾಡುವ ಉಪಕಾರಕ್ಕೆ ಲೆಕ್ಕವಿಲ್ಲ.

ವಿದ್ಯಾರ್ಥಿಗಳು ಕಿಸಕ್ಕೆಂದರು. ತೆಳ್ಳಗಿನ ಡಾಕ್ಟರು ಮಾತ್ರ ನಗಲಿಲ್ಲ. ಕೂದಲನ್ನು ಕೈಗೆ ತೆಗೆದುಕೊಂಡು ಹಾಸಿಗೆಯ ಅಂಚಿನಲ್ಲಿ ಕೂತರು.

“ಈ ಗಂಟಿಗೂ ಕಟ್ಟಿದ್ಯಾ?”

ಇಲ್ಲ ಎನ್ನಲು ಅವನಿಗೆ ಆಗಲೂ ಅವಕಾಶವಿತ್ತು. ದೇವರ ಪ್ರಸಾದ ಎನ್ನಬಹುದಿತ್ತು, ಹೆಂಡತಿಗೆ ತಲೆ ಸರಿಯಿಲ್ಲ ಎನ್ನಬಹುದಿತ್ತು. ಅವನು ಮುನಿನಾರಾಯಣಪ್ಪನ ಮುಖ ನೋಡಿದ. ಆಮೇಲೆ ತನ್ನ ಕಾಲು ನೋಡಿಕೊಂಡ. ಬೆರಳುಗಳನ್ನು ಒಮ್ಮೆ ಆಡಿಸಿದ.

“ಕಟ್ಟಿದ್ದೆ ಸ್ವಾಮಿ. ಮೂರ್ ಸಲ.”

“ಕಪ್ಪಾಗಿದ್ದು ಯಾವಾಗ?”

“ಕಟ್ಟಿದ್ ಮೂರ್ನೇ ದಿನಕ್ಕೆ.”

“ಇಲ್ಲಿ ತಾನೇ ಕಪ್ಪಾಯ್ತು ಅಂತ ಬರ್ದಿದೆ.”

“ನಾನೇ ಅಂಗ್ ಬರ್ಸಿದ್ದು.”

ಮುನಿನಾರಾಯಣಪ್ಪನ ಬಾಯಿ ತೆರೆದೇ ಇತ್ತು. ಡಾಕ್ಟರು ಮತ್ತೆ ಕೇಳಿದರು. “ಕಟ್ಟೋಕೆ ಮೊದಲು ಹೇಗಿತ್ತು?”

“ಮೊದ್ಲು ಅಡಗೋ ಗಂಟಾಗಿತ್ತು.”

“ಹಾಗಂದ್ರೆ?”

ಹತ್ತು ಜನರ ಮುಂದೆ ಮಾನ ಕಳೆದುಕೊಂಡವನಿಗೆ ಇನ್ನು ಮುಚ್ಚಿಡುವುದೇನಿದೆ? ಕಂದು ಬಣ್ಣ, ಗಟ್ಟಿ ಗುಂಡಿ, ಹಿಂಡಿದರೆ ಒಳಕ್ಕೆ ಹೋಗುವುದು, ಎಲ್ಲ ಹೇಳಿದ. ನಂಬಿಕೆಯಾಗದಿದ್ದರೆ ನೋಡಿ ಎಂದು ಹೆಂಡತಿಯ ತೋಳು ತೋರಿಸಿದ. ಅಕ್ಕಯ್ಯಮ್ಮ ರವಿಕೆಯ ತೋಳು ಮೇಲೆ ಸರಿಸಿದಳು. ಡಾಕ್ಟರು ಎರಡು ಬೆರಳಲ್ಲಿ ಹಿಂಡಿದರು. ಹಳ್ಳ ಬಿತ್ತು. ಬಿಟ್ಟರು, ಮತ್ತೆ ಹಿಂಡಿದರು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಹಿಂಡಿಸಿದರು. ಅವಳ ತೋಳು ಮೂರು ದಿನ ನೋಯಿತಂತೆ.

“ಇಂಥವು ಎಷ್ಟು ನೋಡಿದ್ದೀಯ?” ಎಂದು ಅವರು ಕೇಳಿದರು.

“ಬೇಕಾದಷ್ಟು ಸ್ವಾಮಿ. ಯಾವ್ದುನ್ನೂ ಕಟ್ಟಿಲ್ಲ. ಇದು ಅಡಗ್ಲಿಲ್ಲ ಅಂತ ಕಟ್ಬಿಟ್ಟೆ.”

ಡಾಕ್ಟರು ಎದ್ದು ಸರ್ಜನ್ನರ ಕಡೆ ತಿರುಗಿ, “ನಾಳೆ ಬೇಡ, ನನಗೆ ಎರಡು ದಿನ ಕೊಡಿ,” ಎಂದರು. ಸರ್ಜನ್ನರಿಗೆ ಇಷ್ಟವಾಗಲಿಲ್ಲ. ಕುದುರೆ ಕೂದಲಿನ ಮಾತಿಗೆ ಆಪರೇಷನ್ ಮುಂದಕ್ಕೆ ಹಾಕುವುದು ಯಾವ ಪುಸ್ತಕದಲ್ಲೂ ಇರಲಾರದು. ಆದರೂ ಒಪ್ಪಿಕೊಂಡರು.

ಶುಕ್ರವಾರ ಮಧ್ಯಾಹ್ನ ತೆಳ್ಳಗಿನ ಡಾಕ್ಟರು ತಾವೇ ಬಂದು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ವಿವರಿಸಿದರು. ಗಂಟಿನ ತೆಳುವಾದ ಸೀಳುಗಳಿಗೆ ಬೇರೊಂದು ಬಣ್ಣ ಹಾಕಿದ್ದರು. ಆ ಕಂದು ಪುಡಿ ಕೆಟ್ಟ ಗಂಟಿನಲ್ಲಿರುವ ಚರ್ಮದ ಕಪ್ಪು ಬಣ್ಣವಾಗಿದ್ದರೆ ಕಂದಾಗಿಯೇ ಉಳಿಯುತ್ತಿತ್ತು. ಅದೆಲ್ಲ ನೀಲಿಯಾಯಿತು. ಎಂದರೆ ಅದು ಕಬ್ಬಿಣ. ಒಳಗೆ ಸೋರಿ ನಿಂತ ರಕ್ತ ತುಕ್ಕು ಹಿಡಿದ ಹಾಗೆ. ಇಷ್ಟು ತಿಳಿದ ಮೇಲೆ ಗಂಟಿನ ಅಂಚನ್ನು ಮತ್ತೆ ನೋಡಿದರೆ, ಕಣಗಳು ಚರ್ಮದ ನಾರುಗಳನ್ನು ತಬ್ಬಿಕೊಂಡು ನಿಂತಿದ್ದವು. ಅದು ನಾರುಗಂಟು, ಸಾಧು ಜಾತಿಯದು, ಹೆಂಡತಿಯ ತೋಳಿನಲ್ಲಿರುವುದರ ಒಡಹುಟ್ಟು.

“ಸಾಮಾನ್ಯವಾಗಿ ನೀನು ಹೇಳೋ ಹಾಗೆ ಗುಂಡಿ ತರಾನೇ ಇರುತ್ತೆ,” ಎಂದರು. “ಎಲ್ಲೋ ಒಂದಕ್ಕೆ ತೊಟ್ಟು ಬರುತ್ತೆ. ಎಲ್ಲೋ ಒಂದರಲ್ಲಿ ರಕ್ತ ತುಂಬ್ಕೊಂಡು ಕಪ್ಪಾಗುತ್ತೆ, ನಿಂಬೆಹಣ್ಣಿನಷ್ಟು ಬೆಳೆದದ್ದನ್ನೂ ನೋಡಿದ್ದೀನಿ. ನಿಂದಕ್ಕೆ ತೊಟ್ಟೂ ಬಂದಿತ್ತು, ರಕ್ತಾನೂ ತುಂಬ್ಕೊಂಡಿತ್ತು.”

“ನಾನು ಕಟ್ಟಿದ್ದಕ್ಕೇ ತುಂಬ್ಕೊಂಡಿದ್ದಾ ಸ್ವಾಮಿ?”

“ಗೊತ್ತಿಲ್ಲ ಕಣಪ್ಪ. ಕಟ್ಟದಿದ್ರೂ ತುಂಬ್ಕೋತಿತ್ತೇನೋ. ಅದನ್ನ ಹೇಳೋಕೆ ನನ್ನಿಂದ ಆಗಲ್ಲ. ಮತ್ತೆ ಅದೇ ಜಾಗದಲ್ಲಿ ಏನಾದ್ರೂ ಎದ್ದರೆ ಕೈ ಹಾಕದೆ ನೇರವಾಗಿ ಇಲ್ಲಿಗೆ ಬಾ.”

ಚಿಕ್ಕಬೈರಪ್ಪ ಆ ದಿನದ ಬಗ್ಗೆ ನನಗೆ ಹೇಳುವಾಗ ಕಾಲು ಉಳಿದದ್ದನ್ನು ಬೇಗ ಹೇಳಿ ಮುಗಿಸಿದ. ಆ ‘ಗೊತ್ತಿಲ್ಲ’ದ ಹತ್ತಿರ ಬಂದು ಬಹಳ ಹೊತ್ತು ನಿಂತ. “ಅಷ್ಟು ಓದಿರೋರು ಅಮ್ಮಾವ್ರೆ. ಗಾಜ್ನಾಗೆ ಒಂದ್ ವಾರ ನೋಡವ್ರೆ. ಗೊತ್ತಿಲ್ಲ ಅಂದ್ರು. ನಾಚ್ಕೆ ಗೀಚ್ಕೆ ಏನೂ ಇಲ್ಲ, ಬಿಸ್ಲು ಜಾಸ್ತಿ ಅಂದಂಗೆ ಅಂದ್ರು.”

ಊರಿಗೆ ಬಂದಾಗ ಅವನು ಭಯಪಟ್ಟಿದ್ದ ಅವಮಾನ ಆಗಲೇ ಇಲ್ಲ. ಮುನಿನಾರಾಯಣಪ್ಪ ಅವನಿಗಿಂತ ಮೊದಲೇ ಬಿಡುಗಡೆಯಾಗಿ, ಕಂಡದ್ದನ್ನು ತನಗೆ ತಿಳಿದ ಹಾಗೆ ಹಬ್ಬಿಸಿದ್ದ. ಕಾಲು ಕತ್ತರಿಸಲು ಕತ್ತಿ ಹಿಡಿದಿದ್ದ ದೊಡ್ಡ ಡಾಕ್ಟರು ಕುದುರೆ ಕೂದಲು ಕಂಡೊಡನೆ ಕೈಬಿಟ್ಟರಂತೆ. ಕೂದಲನ್ನು ಕೈಯಲ್ಲಿ ಹಿಡಿದು ಗುರುಗಳ ಹತ್ತಿರ ಕೂತು ವಿದ್ಯೆ ಕೇಳಿದರಂತೆ. ಇದರಲ್ಲಿ ಒಂದೊಂದು ಮಾತೂ ನಡೆದದ್ದೇ, ಒಟ್ಟು ಕಥೆ ಮಾತ್ರ ಸುಳ್ಳು. ಮೊದಲ ಭಾನುವಾರ ಸ್ಟೇಷನ್ನಿನ ಮುಂದೆ ದೇವನಹಳ್ಳಿಯಿಂದಲೂ ಜನ ಬಂದಿದ್ದರು.

ಚಿಕ್ಕಬೈರಪ್ಪ ಮೂಕಿಯ ಮೇಲೆ ಕೂತ. ಮುಂದಿದ್ದ ಹೆಂಗಸು ಬೆರಳಿನ ಮೇಲಿನ ಗಂಟನ್ನು ಚಾಚಿದಳು. ಅವನು ಹಿಡಿದು ನೋಡಿದ. ಕಣ್ಣು ಮುಚ್ಚಲಿಲ್ಲ, ಬೆಳಕಿಗೆ ತಿರುಗಿಸಿ ಬಿಟ್ಟ ಕಣ್ಣಲ್ಲಿ ನೋಡಿದ.

“ನರಹುಲಿ ಇರ್ಬೋದು,” ಎಂದ.

“ಇರ್ಬೋದಾ?”

“ಅಂಗ್ ಕಾಣ್ತದೆ. ಒಳಗೇನೈತೋ ನಂಗ್ ಗೊತ್ತಿಲ್ಲ ತಾಯಿ. ಬ್ಯಾರೆಯದೂ ಇದ್ರ ತರ ವೇಸ ಆಕೊಂಡ್ ಬತ್ತದೆ. ಆಸ್ಪತ್ರೇಲಿ ಒಂದ್ಸಲ ತೋರ್ಸು.”

“ಗೊತ್ತಿಲ್ಲ ಅನ್ನೋಕೆ ಇಲ್ಲೀಗಂಟ ಬರ್ಬೇಕಿತ್ತಾ ನಾನು? ಅಷ್ಟು ನಮ್ಮೂರ್ನಾಗೂ ಯೋಳ್ತಿದ್ರು,” ಎಂದು ಅವಳು ಕೈ ಎಳೆದುಕೊಂಡಳು.

ಎರಡನೆಯವನಿಗೂ ಅವನು ಹಾಗೇ ಹೇಳಿದ. ಮೂರನೆಯವನು ಸರದಿ ಬರುವ ಮುಂಚೆಯೇ ಎದ್ದ. ತನ್ನ ಕಾಲನ್ನೇ ಕೆಡಿಸಿಕೊಂಡವನೆಂದು ಊರು ಅವನನ್ನು ಆಡಿಕೊಳ್ಳಲಿಲ್ಲ. ಗೊತ್ತಿಲ್ಲ ಎಂದ ವೈದ್ಯನನ್ನು ಮಾತ್ರ ಅದು ಒಂದು ತಿಂಗಳು ಸಹಿಸಿ ಕೈಬಿಟ್ಟಿತು. ಪಕ್ಕದಲ್ಲೇ ದೊಡ್ಡಮುನಿಯಪ್ಪನ ಗಾಡಿ ಇತ್ತು. ಅವನು ಗಂಟನ್ನು ಮುಟ್ಟುತ್ತಲೂ ಇರಲಿಲ್ಲ. ಕಟ್ಟುತ್ತೇನೆ, ಬೀಳುತ್ತದೆ, ಹೋಗು ಎನ್ನುತ್ತಿದ್ದ. ಗೌರಿ ಹಬ್ಬದ ಹೊತ್ತಿಗೆ ಭಾನುವಾರದ ಸಾಲು ಪೂರ್ತಿ ಆ ಕಡೆಗೆ ಸರಿದಿತ್ತು.

“ಬೇಜಾರಿಲ್ವಾ ಬೈರಪ್ಪ?” ಎಂದು ನಾನು ಒಮ್ಮೆ ಕೇಳಿದೆ.

“ಐತೆ ಅಮ್ಮಾವ್ರೆ,” ಎಂದ. ರೈಲು ಬರಲು ಇನ್ನೂ ಹೊತ್ತಿತ್ತು. ಅವನು ಗಾಡಿಯೊಳಗಿನ ಹುಲ್ಲಿನ ಮೇಲೆ ಎರಡು ಕಾಲನ್ನೂ ನೀಳವಾಗಿ ಚಾಚಿ, ಟವಲನ್ನು ಮುಖಕ್ಕೆ ಹಾಕಿಕೊಂಡು ಮಲಗಿದ.